ಶಾಲೆಗೆ ತರಿಸಿದ ಅಳತೆ ಕಿಟ್: ಯಾವುದು ಉಪಯೋಗ, ಯಾವುದು ದಂಡ

ನಮ್ಮದು ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರರಿಂದ ಎಂಟನೇ ಕ್ಲಾಸಿನವರೆಗೆ ವಿಜ್ಞಾನ ನನ್ನದು. ಈ ವರ್ಷ ಶಾಲೆಯ ಉಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಹಣ ಹೊಂದಿಸಿಕೊಟ್ಟರು. ಬೆಂಗಳೂರಿನ ಒಂದು ಲ್ಯಾಬ್ ಸಾಮಾನಿನ ಅಂಗಡಿಯಿಂದ ಅಳತೆ ಕಿಟ್ ತರಿಸಿದೆವು. ಬೆಲೆ ಎರಡೂವರೆ ಸಾವಿರದ ಆಸುಪಾಸು. ಇಂಥ ಕಿಟ್‌ಗಳನ್ನು ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ, ಒಳಗಿರುವುದು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಕಂಪನಿ ಹೆಸರು ಬಿಟ್ಟು ಸಾಮಾನಿನ ಬಗ್ಗೆ ಮಾತ್ರ ಬರೆಯುತ್ತೇನೆ. ಬೇರೆ ಶಾಲೆಯ ಶಿಕ್ಷಕರಿಗೆ ಕೊಳ್ಳುವ ಮುಂಚೆ ಸಹಾಯವಾಗಲಿ.

ನಾನು ಕಿಟ್ ನೋಡುವುದು ಒಂದೇ ಪ್ರಶ್ನೆ ಇಟ್ಟುಕೊಂಡು. ಒಂದು ಸಾಧನ ಕೊಟ್ಟ ಉತ್ತರ ಸರಿಯಾ ಅಂತ ಮಕ್ಕಳು ಅದೇ ಡಬ್ಬದ ಇನ್ನೊಂದು ಸಾಧನದಿಂದ ನೋಡಬಹುದಾ? ನೋಡಬಹುದು ಅಂದರೆ ಅದು ವಿಜ್ಞಾನದ ಕಿಟ್. ಇಲ್ಲ ಅಂದರೆ ಬೀರುವಿನಲ್ಲಿಡುವ ಸಾಮಾನು.

ಮೊದಲು 100 ಮಿ.ಲೀ. ಗಾಜಿನ ಅಳತೆ ಜಾಡಿ. ಇದು ಕಿಟ್‌ನ ಜೀವ. ಗೆರೆಗಳು ಸ್ಪಷ್ಟವಾಗಿವೆ, ಒಂದೊಂದು ಮಿ.ಲೀ.ಗೂ ಒಂದು ಗೆರೆ ಇದೆ. ಕೆಳಗಿನ ಪ್ಲಾಸ್ಟಿಕ್ ಪೀಠಕ್ಕೆ ಆರು ಮೂಲೆ, ಹಾಗಾಗಿ ಕೈ ತಗುಲಿ ಬಿದ್ದರೂ ಉರುಳಿ ಮೇಜಿನಿಂದ ಕೆಳಕ್ಕೆ ಹೋಗುವುದಿಲ್ಲ. ಮೇಲೆ ‘ಬಿ’ ದರ್ಜೆ ಅಂತ ಇದೆ. ಅಂದರೆ 100ಕ್ಕೆ ಒಂದು ಮಿ.ಲೀ. ಆಚೀಚೆ ಆಗಬಹುದು. ಶಾಲೆಗೆ ಅಷ್ಟು ಸಾಕು. ಗಾಜಿನಲ್ಲಿ ನೀರು ಅಂಚಿಗೆ ಹತ್ತಿ ನಡುವೆ ಬಗ್ಗಿರುತ್ತದೆ, ಆ ಬಾಗಿನ ತಳವನ್ನೇ ಓದಬೇಕು. ಕಣ್ಣು ಅದೇ ಮಟ್ಟಕ್ಕೆ ಬರಬೇಕು. ನಮ್ಮ ಆರನೇ ಕ್ಲಾಸಿನವರು ಬೆಂಚಿನ ಮುಂದೆ ಮಂಡಿಯೂರಿ ಓದುತ್ತಾರೆ. ಜಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ಓದಲು ನಾನು ಬಿಡುವುದಿಲ್ಲ, ಓರೆಯಾದರೆ ಲೆಕ್ಕ ತಪ್ಪುತ್ತದೆ. ಜೊತೆಗೆ 250 ಮಿ.ಲೀ.ನ ಪ್ಲಾಸ್ಟಿಕ್ ಜಾಡಿಯೂ ಇದೆ. ಅದರಲ್ಲಿ ನೀರಿನ ಮೇಲ್ಮೈ ಹೆಚ್ಚುಕಮ್ಮಿ ಚಪ್ಪಟೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ.

ಬೀಕರ್ ಮೇಲೂ ಗೆರೆ ಇದೆಯಲ್ಲ, ಜಾಡಿ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಮಾತು. ಬೀಕರಿನ ಗೆರೆ ಅಂದಾಜಿಗೆ ಮಾತ್ರ, ಅದರಲ್ಲಿ ಶೇಕಡಾ 5ರಷ್ಟು ತಪ್ಪಿರುವುದು ಸಾಮಾನ್ಯ. ಬೀಕರಿನಲ್ಲಿ 100 ತುಂಬಿ ಜಾಡಿಗೆ ಸುರಿಯಲು ಹೇಳಿದೆ. ಒಂದು ಗುಂಪಿಗೆ 96 ಬಂತು, ಇನ್ನೊಂದಕ್ಕೆ 103. ಆಮೇಲೆ ಯಾರೂ ಬೀಕರನ್ನು ಅಳತೆಗೆ ಮುಟ್ಟಲಿಲ್ಲ.

ಡಿಜಿಟಲ್ ತಕ್ಕಡಿ ಅಂಗೈಯಗಲ ಇದೆ. 500 ಗ್ರಾಂವರೆಗೆ ತೂಗುತ್ತದೆ, 0.1 ಗ್ರಾಂವರೆಗೆ ತೋರಿಸುತ್ತದೆ. ಫ್ಯಾನ್ ಹಾಕಿದ್ದರೆ ಅಂಕಿ ಕುಣಿಯುತ್ತದೆ, ಅದನ್ನು ಆರಿಸಿಯೇ ತೂಗಬೇಕು. ಖಾಲಿ ಜಾಡಿ ಇಟ್ಟು ಸೊನ್ನೆ ಮಾಡಿ, ಜಾಡಿಗೆ 100 ಮಿ.ಲೀ. ನೀರು ತುಂಬಿ ತೂಗಿದರೆ 100 ಗ್ರಾಂ ಬರಬೇಕು, ಅಲ್ವಾ? ನಮಗೆ ಬಂದಿದ್ದು 99.4. ಮಕ್ಕಳು ತಕ್ಕಡಿಯೇ ಸರಿ ಇಲ್ಲ ಅಂದರು. ಕಾರಣ ಎರಡಿದೆ. ನೀರು 1 ಮಿ.ಲೀ.ಗೆ 1 ಗ್ರಾಂ ಇರುವುದು 4 ಡಿಗ್ರಿ ತಂಪಿನಲ್ಲಿ. 27 ಡಿಗ್ರಿಯ ನೀರಾದರೆ 100 ಮಿ.ಲೀ.ಗೆ ಸುಮಾರು 99.65 ಗ್ರಾಂ. ಉಳಿದದ್ದು ಜಾಡಿಯ ಆ ಒಂದು ಮಿ.ಲೀ. ಹೆಚ್ಚುಕಡಿಮೆಯ ಒಳಗೇ ಬರುತ್ತದೆ. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋಯಿತು. ನನಗೆ ತುಂಬಾ ಖುಷಿಯಾಯಿತು.

ಆದರೆ ಡಿಜಿಟಲ್ ತಕ್ಕಡಿಯನ್ನು ಮೊದಲೇ ಮಕ್ಕಳ ಕೈಗೆ ಕೊಡಬೇಡಿ. ಮೊದಲು ಎರಡು ತಟ್ಟೆಯ ತಕ್ಕಡಿ ಕೊಡಿ. ಕಿಟ್‌ನದು ಪ್ಲಾಸ್ಟಿಕ್, ನೋಡಲು ಆಟದ ಸಾಮಾನಿನ ಹಾಗಿದೆ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಎರಡೂ ಕಡೆ ಸಮ ಆದ ಮೇಲೆ ತಟ್ಟೆಯಲ್ಲಿರುವುದನ್ನು ಅದಲು ಬದಲು ಮಾಡಿಸುತ್ತೇನೆ. ಆಗಲೂ ಸಮವೇ ಇದ್ದರೆ ದಂಡದ ಎರಡು ತೋಳೂ ಸಮ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೊಬ್ಬರಿ ಬೆಳೆಯುವ ಮನೆಯವರು. ಎಪಿಎಂಸಿಗೆ ಅಪ್ಪನ ಜೊತೆ ಹೋಗಿ ತೂಕ ನೋಡಿದವರು. ಈ ಪರೀಕ್ಷೆ ಅವರಿಗೆ ತಕ್ಷಣ ಹಿಡಿಸಿತು.

ಒಬ್ಬ ಹುಡುಗ ಕೇಳಿದ, “ಮಿಸ್, ತೂಕದ ಬಟ್ಟೇ ತಪ್ಪಿದ್ದರೆ?” ಒಳ್ಳೆಯ ಪ್ರಶ್ನೆ. ಅಂಗಡಿಯ ತೂಕದ ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ಸರ್ಕಾರದವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಕಬ್ಬಿಣದ ಬಟ್ಟಿನ ತೂತಿನಲ್ಲಿರುವ ಸೀಸದ ಮೇಲೆ ಆ ಗುರುತು ಇರುತ್ತದೆ. ಈ ಬಟ್ಟುಗಳಿಗೆಲ್ಲ ಆಧಾರವಾದ ದೇಶದ ಮೂಲ ಕಿಲೋಗ್ರಾಂ ಬಟ್ಟು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಕ್ಲಾಸಿನಲ್ಲಿ ಮಾತ್ರ ನಾವು ನಾಣ್ಯ ಬಳಸಿದೆವು. 2011ರ ಸರಣಿಯ ಐದು ರೂಪಾಯಿ ನಾಣ್ಯ 6 ಗ್ರಾಂ, ಹತ್ತು ರೂಪಾಯಿಯದು 7.71 ಗ್ರಾಂ. ಐದರ ಹತ್ತು ನಾಣ್ಯ ಒಂದು ಕಡೆ, 50 ಮತ್ತು 10 ಗ್ರಾಂ ಬಟ್ಟು ಇನ್ನೊಂದು ಕಡೆ. ನಾಣ್ಯ ಸ್ವಲ್ಪ ಸವೆದಿದ್ದರೂ ಸಮಕ್ಕೆ ಹತ್ತಿರವೇ ನಿಂತಿತು.

ಕಿಟ್‌ನಲ್ಲಿ ಇಲ್ಲದ ಒಂದು ಸಾಮಾನನ್ನು ನಾನು ಸೇರಿಸಿದ್ದೇನೆ: ಗೋಲಿ. ಸಣ್ಣ ಗಾಜಿನ ಗೋಲಿ ಹತ್ತನ್ನು ಸ್ಕೇಲಿನ ಪಕ್ಕ ಸಾಲಾಗಿ ಒತ್ತಿ ಇಟ್ಟರೆ ಸುಮಾರು 16 ಸೆಂ.ಮೀ. ಅಂದರೆ ಒಂದಕ್ಕೆ 1.6. ಎಂಟನೇ ಕ್ಲಾಸಿನವರಿಗೆ ಗೋಳದ ಸೂತ್ರ ನಾನೇ ಬರೆದುಕೊಟ್ಟೆ. ಲೆಕ್ಕ ಹಾಕಿದರೆ ಹತ್ತಕ್ಕೂ ಸೇರಿ 21 ಘನ ಸೆಂ.ಮೀ.ಗಿಂತ ಚೂರು ಜಾಸ್ತಿ. ಅವೇ ಹತ್ತನ್ನು 50 ಮಿ.ಲೀ. ನೀರಿಗೆ ಹಾಕಿದರೆ ನೀರು 71ರ ಹತ್ತಿರ ಏರುತ್ತದೆ. ಜಾಡಿಯನ್ನು ಓರೆ ಮಾಡಿ ಜಾರಿಸಿ, ಮೇಲಿಂದ ಹಾಕಿದರೆ ತಳ ಒಡೆದೀತು. ತೂಗಿದರೆ 53 ಗ್ರಾಂ ಚಿಲ್ಲರೆ, ಅಂದರೆ ನೀರಿನ ಎರಡೂವರೆ ಪಟ್ಟು. ಗಾಜು ಇರಬೇಕಾದ್ದೂ ಅಷ್ಟೇ. ಉದ್ದ, ಗಾತ್ರ, ದ್ರವ್ಯರಾಶಿ ಮೂರೂ ಒಂದಕ್ಕೊಂದು ಸಾಕ್ಷಿ ಹೇಳಿದವು. ಇಷ್ಟು ಮಾಡಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇನ್ನು ಬೇಡದ್ದು. ಸ್ಪ್ರಿಂಗ್ ತ್ರಾಸು ಸರಿ ಇಲ್ಲ. 200 ಗ್ರಾಂ ತೂಗಿಸಿದರೆ 180 ತೋರಿಸುತ್ತದೆ, ಸೊನ್ನೆಗೆ ಸರಿಪಡಿಸಲು ತಿರುಪೇ ಇಲ್ಲ. ಬದಲಿಗೆ ಕಳಿಸಿದ್ದೂ ಹಾಗೇ ಇತ್ತು. ಇದು ಚಿಕ್ಕ ಕೊರತೆ ಅಲ್ಲ. ತೂಕಕ್ಕೂ ದ್ರವ್ಯರಾಶಿಗೂ ಇರುವ ವ್ಯತ್ಯಾಸ ತೋರಿಸಲು ಅದೇ ಬೇಕು. ದಾರ ಕಟ್ಟಿದ ಕಲ್ಲನ್ನು ನೀರಿಗಿಳಿಸಿದಾಗ ಮುಳ್ಳು ಮೇಲೇರುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಬಿಡಿಯಾಗಿ ಕೊಳ್ಳಿ, ನ್ಯೂಟನ್ ಮತ್ತು ಗ್ರಾಂ ಎರಡೂ ಗುರುತಿರುವುದನ್ನು, ಸೊನ್ನೆ ತಿರುಪು ಇರುವುದನ್ನು ಕೇಳಿ ತೆಗೆದುಕೊಳ್ಳಿ. ದರ್ಜಿ ಟೇಪೂ ಎಳೆದರೆ ಹಿಗ್ಗುತ್ತದೆ. ಅದರ ಬದಲು ಗಾರೆ ಕೆಲಸದವರ ಉಕ್ಕಿನ ಟೇಪು ವಾಸಿ.

ಸೂಚನೆಯ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕನ್ನಡ ಶಾಲೆಗಳಿಗೇ ಮಾರುವವರು ಒಂದು ಪುಟ ಕನ್ನಡ ಹಾಕಬೇಕಿತ್ತು. ನಾನೇ ಒಂದು ಹಾಳೆ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದೇನೆ: ಜಾಡಿ ಓದುವ ಚಿತ್ರ, ನಾಣ್ಯಗಳ ತೂಕ, ಗೋಲಿಯ ಲೆಕ್ಕ. ಕೊಳ್ಳುವವರು ಅಂಗಡಿಯವರ ಹತ್ತಿರ ಸ್ಪ್ರಿಂಗ್ ತ್ರಾಸು, ಟೇಪು ಬಿಟ್ಟು ಅದೇ ದುಡ್ಡಿಗೆ ಇನ್ನೊಂದು ಗಾಜಿನ ಜಾಡಿ ಕೊಡಿ ಅಂತ ಕೇಳಿ ನೋಡಿ. ನಲವತ್ತು ಮಕ್ಕಳಿಗೆ ಒಂದೇ ಜಾಡಿ ಸಾಲುವುದಿಲ್ಲ.