ದಾವಣಗೆರೆಯಲ್ಲಿ ಪಿಎಸ್ಎ ಪರೀಕ್ಷೆ: ಯಂತ್ರಕ್ಕೆ ಪೂರ್ತಿ ಅಂಕ, ಕೌಂಟರಿಗೆ ಅರ್ಧ

ಪ್ರಾಸ್ಟೇಟ್ ಕ್ಯಾನ್ಸರನ್ನು ಬೆಳಕಿನಿಂದ ಪತ್ತೆಹಚ್ಚುವ ಪರೀಕ್ಷೆ ನಮ್ಮೂರಲ್ಲಿ ಇದೆಯಾ ಎಂದು ಕೇಳುವವರಿದ್ದಾರೆ. ಒಂದು ಲೆಕ್ಕದಲ್ಲಿ ಇದೆ, ಹೆಸರಲ್ಲಿ ಮಾತ್ರ ಬೆಳಕಿಲ್ಲ. ಪಿ.ಜೆ. ಬಡಾವಣೆಯ ಕಡೆ ಯಾವುದಾದರೂ ದೊಡ್ಡ ಲ್ಯಾಬಿನಲ್ಲಿ ಪಿಎಸ್ಎ (ಗಂಡಸರ ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನಿನ ಅಳತೆ) ಮಾಡಿಸಿದರೆ, ರಿಪೋರ್ಟಿನ ಸಂಖ್ಯೆಯ ಕೆಳಗೆ ಸಣ್ಣಕ್ಷರದಲ್ಲಿ ‘ಸಿಎಲ್ಐಎ’ ಅಥವಾ ‘ಇಸಿಎಲ್ಐಎ’ ಎಂದು ವಿಧಾನ ನಮೂದಾಗಿರುತ್ತದೆ. ಅದರಲ್ಲಿನ ‘ಸಿಎಲ್’ ಎಂದರೆ ಕೆಮಿಲ್ಯುಮಿನೆಸೆನ್ಸ್, ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬೆಳಕು.

ಯಂತ್ರದೊಳಗೆ ನಡೆಯುವುದು ಇಷ್ಟು. ಸೀರಮ್ಮಿನಲ್ಲಿರುವ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿನೀರು) ಪಿಎಸ್ಎ ಪ್ರೋಟೀನನ್ನು ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿಯುತ್ತವೆ. ಒಂದು ಪ್ರತಿಕಾಯ ಅಯಸ್ಕಾಂತಕ್ಕೆ ಅಂಟುವ ಪುಡಿಕಣಕ್ಕೆ ಕಟ್ಟಿಕೊಂಡಿರುತ್ತದೆ, ಇನ್ನೊಂದರ ಬೆನ್ನಮೇಲೆ ಬೆಳಕು ಕೊಡುವ ಅಣು ಇರುತ್ತದೆ. ಅಯಸ್ಕಾಂತ ಕಣಗಳನ್ನು ಹಿಡಿದಿಟ್ಟಾಗ ಮಿಕ್ಕಿದ್ದೆಲ್ಲ ತೊಳೆದುಹೋಗುತ್ತದೆ. ಆಮೇಲೆ ಅಣುವನ್ನು ಕೆಣಕಿದರೆ ಕ್ಷಣಕಾಲ ಮಿಣುಕು. ಇಸಿಎಲ್ಐಎ ಯಂತ್ರದಲ್ಲಿ ಆ ಅಣು ರುಥೇನಿಯಂ ಸಂಯುಕ್ತ, ಕೆಣಕುವುದು ವಿದ್ಯುತ್ತು. ಕತ್ತಲೆ ಕೋಣೆಯಲ್ಲಿ ಕೂತ ಫೋಟೋಮಲ್ಟಿಪ್ಲೈಯರ್ ಆ ಬೆಳಕನ್ನು ಅಳೆಯುತ್ತದೆ: ಪಿಎಸ್ಎ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು. ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ಲನ್ನು ದಿನಾ ಓಡಿಸುವ ಲ್ಯಾಬಿನಲ್ಲಿ ಈ ಭಾಗ ಕೆಡುವುದು ಅಪರೂಪ.

ಕೆಡುವುದು ಕೌಂಟರಿನಲ್ಲಿ. ‘ಬರಿ ಹೊಟ್ಟೇಲಿ ಬಂದೀರಾ ಸಾರ್?’ ಎಂದು ತಪ್ಪದೇ ಕೇಳುತ್ತಾರೆ. ಪಿಎಸ್ಎಗೆ ಉಪವಾಸವೇ ಬೇಡ, ಬೆಣ್ಣೆದೋಸೆ ತಿಂದೇ ಹೋಗಬಹುದು (ಪ್ಯಾಕೇಜಿನಲ್ಲಿ ಶುಗರ್, ಕೊಲೆಸ್ಟ್ರಾಲ್ ಸೇರಿದ್ದರೆ ಬೇರೆ ಮಾತು). ಕೇಳಬೇಕಾದ್ದು ಮಾತ್ರೆಗಳ ಬಗ್ಗೆ. ಉಚ್ಚೆ ಸರಾಗವಾಗಲಿ ಎಂದು ಬರೆದುಕೊಡುವ ಮಾತ್ರೆಗಳಲ್ಲಿ ಟ್ಯಾಮ್ಸುಲೋಸಿನ್ ಜೊತೆ ಡುಟಾಸ್ಟರೈಡ್ ಸೇರಿರುವುದು ಸಾಮಾನ್ಯ. ಡುಟಾಸ್ಟರೈಡ್ ಅಥವಾ ಫಿನಾಸ್ಟರೈಡನ್ನು 6ರಿಂದ 12 ತಿಂಗಳು ತೆಗೆದುಕೊಂಡವರಲ್ಲಿ ಪಿಎಸ್ಎ ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಅಂಥವರ ರಿಪೋರ್ಟಿನಲ್ಲಿ 3 (ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) ಬಂದರೆ ಅದನ್ನು 6 ಎಂದೇ ಓದಬೇಕು. ಮಾತ್ರೆಯ ವಿಷಯ ಚೀಟಿಯಲ್ಲಿ ಇಲ್ಲದಿದ್ದರೆ 4ರ ಗೆರೆ ದಾಟದ ಆ 3 ‘ನಾರ್ಮಲ್’ ಎಂದು ಅಚ್ಚಾಗಿ ಮನೆಗೆ ಹೋಗುತ್ತದೆ.

ಕೂದಲುದುರುವುದಕ್ಕೆ ನುಂಗುವ ಬಯೋಟಿನ್ ಎಂಬ ವಿಟಮಿನ್ ಇನ್ನೊಂದು. ಕೆಲವು ಯಂತ್ರಗಳಲ್ಲಿ ಪ್ರತಿಕಾಯವನ್ನು ಕಣಕ್ಕೆ ಕಟ್ಟುವ ಹಗ್ಗವೇ ಬಯೋಟಿನ್. ರಕ್ತದಲ್ಲಿ ಅದೇ ತುಂಬಿದ್ದರೆ ಕಟ್ಟು ಬೀಳುವುದಿಲ್ಲ, ಬೆಳಕು ತಗ್ಗುತ್ತದೆ, ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ದಿನಕ್ಕೆ 5 ಮಿ.ಗ್ರಾಂ ದಾಟಿದರೆ ಕೊನೆಯ ಮಾತ್ರೆಗೂ ರಕ್ತ ಕೊಡುವುದಕ್ಕೂ ಕನಿಷ್ಠ 8 ಗಂಟೆ ಬಿಡಿ.

ಸಂಖ್ಯೆಯನ್ನು ಮೇಲೇರಿಸುವವೂ ಇವೆ. ಮೂತ್ರದ ಸೋಂಕಿದ್ದರೆ ವಾಸಿಯಾದ ಮೇಲೆ 6 ವಾರ ಕಾಯಬೇಕು, ಬಯಾಪ್ಸಿ ಆಗಿದ್ದರೂ ಅಷ್ಟೇ. ವೀರ್ಯಸ್ಖಲನಕ್ಕೆ, ದೂರದ ಸೈಕಲ್ ಸವಾರಿಗೆ 48 ಗಂಟೆ. ಉಚ್ಚೆ ಕಟ್ಟಿ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿಸಿಕೊಂಡವರಿಗೆ ಅದೇ ವಾರ ಈ ಪರೀಕ್ಷೆ ಮಾಡಿಸಿದರೆ ಮನೆಮಂದಿ ಗಾಬರಿಯಾಗುವುದಷ್ಟೇ ಲಾಭ.

ಫ್ರೀ ಪಿಎಸ್ಎ, ಅಂದರೆ ರಕ್ತದ ಬೇರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಪಿಎಸ್ಎ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಒಟ್ಟು ಪಿಎಸ್ಎ 4ರಿಂದ 10ರ ನಡುವೆ ಬಂದಾಗ ಇದನ್ನು ಬರೆಯುತ್ತಾರೆ. ಒಟ್ಟಿನಲ್ಲಿ ಅದರ ಪಾಲು ಶೇ. 25ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರಿನ ಅನುಮಾನ ತಗ್ಗುತ್ತದೆ, ಶೇ. 10ಕ್ಕಿಂತ ಕಡಿಮೆಯಿದ್ದರೆ ಬಲವಾಗುತ್ತದೆ. ಆದರೆ ಫ್ರೀ ಪಿಎಸ್ಎ ಬೇಗ ಕೆಡುವ ಸರಕು. ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ತಿರುಗಿಸಿ, 3 ಗಂಟೆಯೊಳಗೆ ಸೀರಮ್ ಬೇರ್ಪಡಿಸಿ ತಣ್ಣಗಿಡಬೇಕು. ಜಗಳೂರಿನಲ್ಲೋ ಚನ್ನಗಿರಿಯಲ್ಲೋ ಬೆಳಿಗ್ಗೆ ತೆಗೆದ ಟ್ಯೂಬು ಏಪ್ರಿಲ್ ಬಿಸಿಲಲ್ಲಿ ಹಾಗೇ ಬ್ಯಾಗಿನೊಳಗೆ ಕೂತು ಸಂಜೆ ದಾವಣಗೆರೆ ತಲುಪಿದರೆ ಪಾಲು ಇಳಿದಿರುತ್ತದೆ, ಇಲ್ಲದ ಅನುಮಾನ ಹುಟ್ಟುತ್ತದೆ. ಕಲೆಕ್ಷನ್ ಸೆಂಟರಿನಲ್ಲಿ ‘ಸೆಂಟ್ರಿಫ್ಯೂಜ್ ಇಲ್ಲೇ ಐತಾ?’ ಎಂದು ಕೇಳಿ. ಇಲ್ಲ ಎಂದರೆ ಈ ಒಂದು ಪರೀಕ್ಷೆಗಾದರೂ ಯಂತ್ರವಿರುವ ಲ್ಯಾಬಿಗೇ ಹೋಗಿ ಕೈ ಚಾಚಿ.

ಲ್ಯಾಬ್ ಬದಲಿಸಬೇಡಿ. ಯಂತ್ರವನ್ನು ಹೊಂದಿಸಿರುವ ಅಳತೆಗೋಲು ಹೈಬ್ರಿಟೆಕ್ ಎಂಬ ಹಳೆಯ ಮಾನದಂಡ ಆಗಿರಬಹುದು, ವಿಶ್ವ ಆರೋಗ್ಯ ಸಂಸ್ಥೆಯದಾಗಿರಬಹುದು. ಒಂದೇ ರಕ್ತ ಎರಡನೆಯದರಲ್ಲಿ ಸುಮಾರು ಶೇ. 20ರಷ್ಟು ಕಡಿಮೆ ತೋರಿಸುತ್ತದೆ. ಅದನ್ನು ‘ಇಳಿದಿದೆ’ ಎಂದು ಓದಿಕೊಂಡರೆ ಮೋಸ.

4 ದಾಟಿದ್ದೆಲ್ಲ ಕ್ಯಾನ್ಸರ್ ಅಲ್ಲ. 4ರಿಂದ 10ರೊಳಗಿನವರಿಗೆ ಬಯಾಪ್ಸಿ ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಿಗುತ್ತದೆ. ಮಿಕ್ಕವರದು ಬಹುಪಾಲು ವಯಸ್ಸಿನ ಊತ ಅಥವಾ ಉರಿಯೂತ. 4ರ ಕೆಳಗಿದ್ದೂ ಕ್ಯಾನ್ಸರ್ ಇರುವವರುಂಟು. ಖಚಿತವಾಗುವುದು ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ಇನ್ನು ಮೈಮೇಲೆ ಲೇಸರ್ ಹಾಯಿಸಿ ಪ್ರಾಸ್ಟೇಟ್ ಕ್ಯಾನ್ಸರ್ ಹೇಳುತ್ತೇವೆ ಎನ್ನುವವರು ಸಿಕ್ಕರೆ ಪರ್ಸು ತೆಗೆಯಬೇಡಿ. ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಅಂಗಾಂಶದೊಳಗೆ ಅತಿ ದೂರ ಹೋಗಬಲ್ಲ 650ರಿಂದ 950 ನ್ಯಾನೋಮೀಟರಿನ ಬೆಳಕು ಕೂಡ ಕೆಲವೇ ಸೆಂಟಿಮೀಟರಿನಲ್ಲಿ ಚದುರಿಹೋಗುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವನ್ನು (ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಬದಲಾಗುವುದು) ಬಳಸಿ ಬಯಾಪ್ಸಿ ತುಣುಕನ್ನು ಓದುವುದು, ಲೇಸರ್ ಮಿಡಿತ ಕೊಟ್ಟು ಅಂಗಾಂಶದಿಂದ ಹೊರಡುವ ಶಬ್ದ ಕೇಳುವ ಫೋಟೋಅಕೌಸ್ಟಿಕ್ ವಿಧಾನ, ಇವೆಲ್ಲ ನಿಜವಾದ ವಿಜ್ಞಾನವೇ. ಆದರೆ ಅವು ಸಂಶೋಧನಾಲಯದ ಸರಕು, ಪ್ಯಾಕೇಜಿನ ದರಪಟ್ಟಿಯಲ್ಲಿ ಸೇರಿಸುವಂಥದ್ದಲ್ಲ.