ಕಸದ ಕವರ್ ತಗೊಳ್ಳೋವಾಗ ಅಡಿ ನೋಡಿ: ಮಾಮೂಲ್‌ಪೇಟೆಯ ಸ್ಟಾರ್ ಸೀಲ್ ರೋಲ್ ರಿವ್ಯೂ

ನಮ್ಮ ಅಪಾರ್ಟ್‌ಮೆಂಟಿಗೆ ಹೌಸ್‌ಕೀಪಿಂಗ್ ಸಾಮಾನು ತರೋ ಕೆಲಸ ನನ್ನದು, ಫಿನಾಯಿಲ್, ಮಾಪ್, ಪೊರಕೆ, ಕಸದ ಕವರ್ ಎಲ್ಲಾ. ಇದರಲ್ಲಿ ಜನ ಏನೂ ಯೋಚನೆ ಮಾಡದೆ ಕೈಗೆ ಸಿಕ್ಕಿದ್ದು ತಗೊಂಡು ಬರೋದು ಅಂದ್ರೆ ಕಸದ ಕವರ್. ರೋಲಲ್ಲಿ ಎಷ್ಟು ಪೀಸು, ಎಷ್ಟು ರೂಪಾಯಿ, ನಿಂಬೆ ವಾಸನೆನಾ ಲ್ಯಾವೆಂಡರಾ ಅಷ್ಟೇ ನೋಡ್ತಾರೆ, ಅಡಿ ಹೇಗೆ ಸೀಲ್ ಆಗಿದೆ ಅಂತ ಬಿಚ್ಚಿ ನೋಡೋರು ಕಡಿಮೆ. ನಾನು ಮುಂಚೆ ಪೀಣ್ಯದಲ್ಲಿ ಕವರ್ ಮಾಡೋ ಒಂದು ಸಣ್ಣ ಯೂನಿಟ್‌ನಲ್ಲಿ ಕಟಿಂಗ್ ಸೀಲಿಂಗ್ ಮಷಿನ್ ಓಡಿಸ್ತಿದ್ದೆ, ಅದಕ್ಕೇ ಕವರ್ ಕೈಗೆ ಬಂದ ತಕ್ಷಣ ಕಣ್ಣು ಮೊದಲು ಅಡಿಗೇ ಹೋಗುತ್ತೆ.

ಈಗ ನಾವು ಬಳಸ್ತಿರೋದು ಬೆಂಗಳೂರಿನ ಮಾಮೂಲ್‌ಪೇಟೆ ಹೋಲ್‌ಸೇಲ್ ಅಂಗಡಿಯಿಂದ ತಂದ ಕಪ್ಪು ರೋಲ್, 24x32 ಇಂಚು, ಸ್ಟಾರ್ ಸೀಲ್ (ಅಡಿ ಅಂಟಿಸೋ ಒಂದು ಬಗೆ, ಮುಂದೆ ಹೇಳ್ತೀನಿ). ದೊಡ್ಡ ಬ್ರಾಂಡ್ ಏನಲ್ಲ, ಬಣ್ಣದ ಪೆಟ್ಟಿಗೆನೂ ಇಲ್ಲ, ಬರೀ ಒಂದು ಪೇಪರ್ ಪಟ್ಟಿ ಸುತ್ತಿರ್ತಾರೆ. ಮೊದಲೇ ಹೇಳಿಬಿಡ್ತೀನಿ, ಸೋರೋ ವಿಷಯದಲ್ಲಿ ನಾನು ತರಿಸಿದ ಕವರ್‌ಗಳಲ್ಲಿ ಇದೇ ಬೆಸ್ಟ್.

ಇದಕ್ಕೆ ಮುಂಚೆ ಒಂದು ಹೆಸರಾಂತ ಬ್ರಾಂಡಿಂದು ತರಿಸ್ತಿದ್ದೆ, ನೋಡೋಕೆ ಚೆಂದ, ಮುಟ್ಟಿದ್ರೂ ದಪ್ಪ. ಆದ್ರೆ ಬೆಳಗ್ಗೆ ಎತ್ತಿದ್ರೆ ಲಿಫ್ಟಲ್ಲಿ, ಮೆಟ್ಟಿಲ ಮೇಲೆ ಎಲ್ಲಾ ತೊಟ್ಟಿಕ್ಕಿಕೊಂಡೇ ಹೋಗೋದು. ಅದು ಗಸೆಟ್ ಸೀಲ್ ಕವರ್, ಅಂದ್ರೆ ಎರಡೂ ಪಕ್ಕದಲ್ಲಿ ಒಳಗೆ ಮಡಿಕೆ ಹಾಕಿ ಅಡಿಗೆ ನೇರ ಸೀಲ್ ಹೊಡೆದಿರ್ತಾರೆ. ಮಡಿಕೆ ಇರೋ ಕಡೆ 4 ಪದರ, ನಡುವೆ ಬರೀ 2 ಪದರ. ಬಿಸಿಯಿಂದ ಒತ್ತಿ ಅಂಟಿಸೋ ಸೀಲ್ ಬಾರ್ ಒಂದೇ, ಬಿಸಿ ಒಂದೇ, ಒತ್ತಡ ಒಂದೇ. 4 ಪದರಕ್ಕೆ ಸಾಕಾಗೋ ಹಂಗೆ ಬಿಸಿ ಇಟ್ರೆ 2 ಪದರದ ಜಾಗ ಸುಟ್ಟು ತೆಳ್ಳಗಾಗುತ್ತೆ, 2 ಪದರಕ್ಕೆ ಸರಿಯಾಗಿ ಇಟ್ರೆ ಮಡಿಕೆ ಜಾಗದಲ್ಲಿ ಒಳಗಿನ ಪದರ ಪೂರ್ತಿ ಅಂಟಲ್ಲ. 4 ಹೋಗಿ 2 ಆಗೋ ಆ ಮೂಲೆ ಇದೆಯಲ್ಲ, ನೀರು ದಾರಿ ಮಾಡ್ಕೊಳ್ಳೋದು ಹೆಚ್ಚಾಗಿ ಅಲ್ಲೇ, ನೀವೂ ಮನೇಲಿ ಗಮನಿಸಿ ನೋಡಿ.

ಸ್ಟಾರ್ ಸೀಲಲ್ಲಿ ಈ ತೊಂದರೆನೇ ಬರದ ಹಾಗೆ ಮಾಡಿದಾರೆ. ಎರಡೂ ಪಕ್ಕದ ಮಡಿಕೆ ನಡುವೆ ಬಂದು ಸೇರೋವರೆಗೂ ಒಳಗೆ ತಳ್ತಾರೆ, ಆಗ ಉದ್ದಕ್ಕೂ 4 ಪದರ ಆಯ್ತು, ಅದನ್ನ ಮತ್ತೆ ಅರ್ಧಕ್ಕೆ ಮಡಚಿದ್ರೆ 8 ಪದರ, ಆಮೇಲೆ ಅಡಿಗೆ ಒಂದೇ ಸೀಲ್. ಈ ತುದಿಯಿಂದ ಆ ತುದಿವರೆಗೂ ದಪ್ಪ ಒಂದೇ ಆದ್ದರಿಂದ ಮಷಿನ್‌ಗೂ ಒಂದೇ ಸೆಟ್ಟಿಂಗ್ ಸಾಕು. ಕವರ್ ಬಿಚ್ಚಿದಾಗ ಅಡಿ ನಕ್ಷತ್ರದ ಥರ ಕಾಣುತ್ತೆ, ರೌಂಡ್ ಬಕೆಟ್ ಒಳಗೆ ಚೆನ್ನಾಗಿ ಕೂರುತ್ತೆ, ಭಾರನೂ ಒಂದೇ ಮೂಲೆ ಮೇಲೆ ಬೀಳದೆ ಸುತ್ತಲೂ ಹಂಚಿಹೋಗುತ್ತೆ. ಆದ್ರೆ 8 ಪದರ ಅಂಟಿಸೋದು ಸುಲಭ ಅಲ್ಲ, ಹೊರಗಿನ ಪದರ ಸುಡಬಾರದು, ಒಳಗಿನದು ಕರಗಬೇಕು. ಮಷಿನ್ ನಿಧಾನ ಓಡಿಸ್ಬೇಕು, ಬಾರ್ ಮೇಲಿನ ಟೆಫ್ಲಾನ್ ಟೇಪ್ ಸವೆದಿರಬಾರದು.

ಸೀಲಿಂಗ್ ಅಂದ್ರೆ ಮೂರೇ ವಿಷಯ, ಬಿಸಿ, ಒತ್ತಡ, ಟೈಮು. ಕವರ್ ಮಾಡೋ ಪ್ಲಾಸ್ಟಿಕ್‌ನಲ್ಲಿ ಮೆದು ಬಗೆ ಎಲ್‌ಡಿಪಿಇ ಸುಮಾರು 110 ಡಿಗ್ರಿಗೆ ಕರಗುತ್ತೆ, ಗಟ್ಟಿ ಬಗೆ ಎಚ್‌ಡಿಪಿಇಗೆ ಹತ್ತಿರ ಹತ್ತಿರ 130 ಬೇಕು. ಯೂನಿಟಲ್ಲಿ ಆರ್ಡರ್ ಅರ್ಜೆಂಟ್ ಅಂತ ಸ್ಪೀಡ್ ಜಾಸ್ತಿ ಮಾಡ್ತಾರೆ, ಬಾರ್ ಫಿಲ್ಮ್ (ಪ್ಲಾಸ್ಟಿಕ್ ಹಾಳೆ) ಮೇಲೆ ಕೂರೋ ಟೈಮ್ ಕಡಿಮೆ ಆಗುತ್ತೆ, ಹಂಚು ಕಾಯದೇ ದೋಸೆ ಹುಯ್ದ ಹಾಗೆ ಆಗುತ್ತೆ, ಮೇಲೆ ಅಂಟಿದ ಹಾಗೆ ಕಾಣ್ಸುತ್ತೆ ಆದ್ರೆ ಎಳೆದ್ರೆ ಎದ್ದು ಬರುತ್ತೆ. ವೋಲ್ಟೇಜ್ ಇಳಿದ್ರೂ ಅದೇ ಕಥೆ. ಸೀಲ್ ಆದ ತಕ್ಷಣ ಜಾಗ ಇನ್ನೂ ಬಿಸಿ ಇರೋವಾಗಲೇ ರೋಲರ್ ಜಗ್ಗಿದ್ರೂ ಒಳಗೇ ಬಿಟ್ಟುಕೊಳ್ಳುತ್ತೆ, ಅದು ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಇದೇ ಜಾತಿಯ ಇನ್ನೊಂದು ಪ್ಲಾಸ್ಟಿಕ್ ಎಲ್‌ಎಲ್‌ಡಿಪಿಇ ಬೆರೆಸಿದ್ರೆ ಬಿಸಿ ಇದ್ದಾಗಲೂ ಹಿಡಿತ ಚೆನ್ನಾಗಿರುತ್ತೆ, ಮೊನೆ ಇರೋ ವಸ್ತು ಚುಚ್ಚಿದ್ರೂ ಬೇಗ ಹರಿಯಲ್ಲ, ಒಳ್ಳೆ ಕವರ್ ಮಾಡೋರು ಅದಕ್ಕೇ ಹಾಕೋದು.

ಇನ್ನು ದಾನಾ, ಅಂದ್ರೆ ಕವರ್ ಮಾಡೋಕೆ ಕರಗಿಸೋ ಪ್ಲಾಸ್ಟಿಕ್ ಕಾಳಿನ ವಿಷಯ. ಕಪ್ಪು ಕವರ್ ತುಂಬಾನೇ ರೀಪ್ರೊಸೆಸ್ ದಾನಾದಲ್ಲೇ ಮಾಡೋದು, ಅದು ತಪ್ಪು ಅಂತ ನಾನು ಹೇಳಲ್ಲ, ಹಳೇ ಪ್ಲಾಸ್ಟಿಕ್ ಕಸದ ಕವರ್ ಆಗೋದು ಒಳ್ಳೇದೇ, ಆದ್ರೆ ಸರಿಯಾಗಿ ತೊಳೆದು ಒಣಗಿಸಿ ಜಾಲರಿ ಹಾಕಿ ಸೋಸಿರಬೇಕು. ಇಲ್ಲಾಂದ್ರೆ ಮಣ್ಣು, ಕರಗದ ಗಂಟು ಎಲ್ಲಾ ಫಿಲ್ಮಲ್ಲಿ ಉಳ್ಕೊಳ್ಳುತ್ತೆ, ಸೀಲ್ ಸಾಲಲ್ಲಿ ಅಂಥ ಒಂದು ಗಂಟು ಬಂದ್ರೂ ಸಾಕು ಪಕ್ಕದಲ್ಲಿ ಸೂಜಿ ತೂತು. ರೇಟ್ ಇಳಿಸೋಕೆ ಸುಣ್ಣದ ಪುಡಿ ಥರ ಫಿಲ್ಲರ್ ಜಾಸ್ತಿ ಹಾಕೋರೂ ಇದಾರೆ, ಕವರ್ ತೂಕ ಬರುತ್ತೆ, ದಪ್ಪ ಅನ್ಸುತ್ತೆ, ಅಂಟು ಮಾತ್ರ ಕಡಿಮೆ. ಬರೀ ಮೈಕ್ರಾನ್ (ದಪ್ಪದ ಅಳತೆ) ನಂಬರ್ ಕೇಳಿ ತಗೋಬೇಡಿ ಅನ್ನೋದು ಇದಕ್ಕೇ. ಅಂಗಡಿಯವರು ಕೆಲವು ಸಲ ಹೇಳೋ 120 ಮೈಕ್ರಾನ್ ಅನ್ನೋದು 2022ರ ಡಿಸೆಂಬರ್ 31ರಿಂದ ಕ್ಯಾರಿ ಬ್ಯಾಗಿಗೆ ಬಂದ ನಿಯಮ, ಅದಕ್ಕೂ ಕಸದ ಕವರ್ ಸೋರೋದಕ್ಕೂ ಸಂಬಂಧ ಇಲ್ಲ.

ತಂದ ರೋಲನ್ನ ಹೇಗೆ ಟೆಸ್ಟ್ ಮಾಡೋದು ಅಂದ್ರೆ ಒಂದು ಕವರಿಗೆ ಎರಡು ಮೂರು ಲೀಟರ್ ನೀರು ಹಾಕಿ ಬಾಯಿ ಕಟ್ಟಿ ಬಚ್ಚಲಲ್ಲಿ ನೇತುಹಾಕಿ, ಕೆಳಗೆ ಒಣ ನ್ಯೂಸ್‌ಪೇಪರ್ ಇಡಿ, ಅರ್ಧ ಗಂಟೆ ಬಿಟ್ಟು ಪೇಪರ್ ನೋಡಿ. ಇನ್ನೊಂದು, ಸೀಲ್ ಎರಡೂ ಕಡೆ ಹಿಡಿದು ಎಳೀರಿ. ಒಳ್ಳೆ ಸೀಲ್ ಆದ್ರೆ ಪಕ್ಕದ ಫಿಲ್ಮ್ ಎಳೆದುಕೊಂಡು ಹರಿಯುತ್ತೆ, ಸೀಲ್ ಹಂಗೇ ಇರುತ್ತೆ. ಸ್ಟಿಕ್ಕರ್ ಕಿತ್ತ ಹಾಗೆ ಸೀಲೇ ಬಿಚ್ಚಿಕೊಂಡು ಬಂದ್ರೆ ಆ ರೋಲ್ ವಾಪಸ್ ಕೊಡಿ. ಈ ಮಾಮೂಲ್‌ಪೇಟೆ ರೋಲ್ ಎರಡೂ ಟೆಸ್ಟಲ್ಲಿ ಪಾಸ್, ಪೇಪರ್ ಒಣಗೇ ಇತ್ತು.

ಇಷ್ಟೆಲ್ಲಾ ಯಾಕೆ ಬರೀತಿದೀನಿ ಅಂದ್ರೆ ಕವರ್ ಸೋರಿದ್ರೆ ನಮ್ಮ ಮನೆಗೆ ಆಗೋ ತೊಂದರೆ ಒಂದು ಸಲ ನೆಲ ಒರೆಸೋದು ಅಷ್ಟೇ. ಪೌರಕಾರ್ಮಿಕರು ಅದನ್ನ ಎತ್ತಿ ಆಟೋ ಟಿಪ್ಪರ್ ಮೇಲಕ್ಕೆ ಹಾಕ್ತಾರೆ, ಆಗ ಆ ನೀರು ಅವರ ಮೊಣಕೈವರೆಗೂ ಇಳಿಯುತ್ತೆ, ಕೆಲವು ಸಲ ಮುಖಕ್ಕೂ ಸಿಡಿಯುತ್ತೆ. ಡೈಪರ್, ಪ್ಯಾಡ್ ಇರೋ ಕವರ್ ಅದು. ನೋಡೋಕೆ ಆಗಲ್ಲ. ಒಂದು ಕವರಿಗೆ ಒಂದು ರೂಪಾಯಿ ಜಾಸ್ತಿ ಆದ್ರೂ ಆಗಲಿ ಅಂತ ನಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ನಾನು ಗಟ್ಟಿಯಾಗಿ ಹೇಳಿ ಒಪ್ಪಿಸಿದ್ದು ಇದಕ್ಕೇ.

ಹಸಿ ಕಸಕ್ಕೆ ಮಾತ್ರ ದಯವಿಟ್ಟು ಈ ಕವರ್ ಬಳಸಬೇಡಿ. ಬೆಂಗಳೂರಲ್ಲಿ ಎರಡು ಬಿನ್ ಒಂದು ಬ್ಯಾಗ್ ಪದ್ಧತಿ ಅಂದ್ರೆ ಡೈಪರ್ ಥರದ ಕಸ ಕೆಂಪು ಬಿನ್‌ಗೆ, ಒಣ ಕಸ ಬ್ಯಾಗಿಗೆ, ಹಸಿ ಕಸ ಹಸಿರು ಬಿನ್‌ಗೆ, ಪ್ಲಾಸ್ಟಿಕ್ ಇಲ್ಲದೇನೇ. ಕವರಲ್ಲಿ ಕಟ್ಟಿ ಕೊಟ್ರೆ ಪೌರಕಾರ್ಮಿಕರು ಕೈಯಲ್ಲಿ ಹರಿದು ಬೇರೆ ಮಾಡ್ಬೇಕು. ತಳಕ್ಕೆ ನ್ಯೂಸ್‌ಪೇಪರ್ ಹಾಕಿ ಸಾಕು. ಕವರ್ ಬೇಕೇ ಬೇಕು ಅನ್ನೋರು ಕಾಂಪೋಸ್ಟಬಲ್ (ಗೊಬ್ಬರ ಆಗೋ ಕವರ್) ತಗೊಳ್ಳಿ, ಅದರ ಮೇಲೆ ಐಎಸ್ ಐಎಸ್‌ಒ 17088 ಅನ್ನೋ ಮಾನದಂಡದ ನಂಬರ್ ಇರಬೇಕು, ಬರೀ ಎಲೆ ಚಿತ್ರ ಇದ್ರೆ ನಂಬಬೇಡಿ. ಅದನ್ನ ವರ್ಷಗಟ್ಟಲೆ ಸ್ಟಾಕ್ ಇಡೋಕೂ ಆಗಲ್ಲ, ತೇವಕ್ಕೆ ಬಿಸಿಗೆ ತಾನೇ ಬಲ ಕಳ್ಕೊಳ್ಳುತ್ತೆ.

ಈ ರೋಲಲ್ಲಿ ಕೊರತೆ ಇಲ್ವಾ ಅಂದ್ರೆ ಇದೆ. ಮಡಿಕೆ ಜಾಸ್ತಿ ಇರೋದ್ರಿಂದ ಬಿಚ್ಚೋಕೆ ಸ್ವಲ್ಪ ತಾಳ್ಮೆ ಬೇಕು, ಕೈ ಒದ್ದೆ ಇದ್ರೆ ಇನ್ನೂ ಕಷ್ಟ. ಕಟ್ಟೋಕೆ ದಾರ ಇಲ್ಲ. ಹೊಸ ರೋಲಿಗೆ ರೀಪ್ರೊಸೆಸ್ ವಾಸನೆ ಇರುತ್ತೆ, ಒಂದೆರಡು ದಿನ ಗಾಳಿಗಿಟ್ರೆ ಹೋಗುತ್ತೆ. ಕೆಲವು ರೋಲಲ್ಲಿ ಹರಿಯೋಕೆ ಕೊಟ್ಟಿರೋ ತೂತಿನ ಸಾಲು ಸೀಲಿಗೆ ತೀರಾ ಹತ್ತಿರ ಬಂದಿತ್ತು, ಜೋರಾಗಿ ಎಳೆದ್ರೆ ಹರಿತ ಸೀಲ್ ಒಳಗೇ ಹೋಗಿಬಿಡುತ್ತೆ. ಅದನ್ನ ಅಂಗಡಿಯವರಿಗೆ ತೋರಿಸ್ದೆ, ಮಾಡೋರಿಗೆ ಹೇಳ್ತೀನಿ ಅಂದ್ರು, ಮುಂದಿನ ಲಾಟಲ್ಲಿ ನಡುವೆ ಒಂದು ಬೆರಳಗಲ ಜಾಗ ಬಿಟ್ಟಿದ್ರು, ಇದು ನನಗೆ ತುಂಬಾ ಹಿಡಿಸ್ತು.

ನನ್ನ ರೇಟಿಂಗ್ 5ಕ್ಕೆ 4. 30x37 ಸೈಜಲ್ಲೂ ಸ್ಟಾರ್ ಸೀಲ್ ಬರುತ್ತಂತೆ, ಪಾರ್ಕಿಂಗ್ ಡ್ರಮ್ಮಿಗೆ ಮುಂದಿನ ತಿಂಗಳು ಅದನ್ನ ತರಿಸ್ತಿದೀನಿ, ನೀರು ತುಂಬಿ ನೋಡಿ ಇಲ್ಲೇ ಕೆಳಗೆ ಬರೀತೀನಿ.