ಮೊದಲ ಕೀಬೋರ್ಡ್ ಆಗಿ ಕ್ಯಾಸಿಯೊ ಸಿಟಿ-ಎಸ್300: ವರ್ಷಗಟ್ಟಲೆ ನುಡಿಸಿದ ಮೇಲೆ

ಮೊದಲ ಕೀಬೋರ್ಡ್ ಯಾವುದು ತಗೊಳ್ಳಲಿ ಅಂತ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ಅದರಲ್ಲಿ ಟಚ್ ರೆಸ್ಪಾನ್ಸ್ (ಕೀ ಒತ್ತುವ ರೀತಿಗೆ ತಕ್ಕಂತೆ ಸದ್ದು ಹೆಚ್ಚು ಕಡಿಮೆ ಆಗುವುದು) ಇದೆಯಾ? ಇಲ್ಲ ಅಂದರೆ ಅದನ್ನು ಬಿಟ್ಟುಬಿಡಿ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ.

ನಾನು ಕಲಿತದ್ದು ಸಿಟಿ-ಎಸ್300ರಲ್ಲಿ. 61 ಕೀ, ಅಂದರೆ ಐದು ಆಕ್ಟೇವ್, ಎಲ್ಲವೂ ಪೂರ್ತಿ ಅಳತೆಯವು. ತೂಕ 3.3 ಕೆಜಿ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. 400 ಟೋನ್ (ಬೇರೆ ಬೇರೆ ವಾದ್ಯಗಳ ಸದ್ದು), 77 ರಿದಮ್ (ಜೊತೆಗೆ ಓಡುವ ತಾಳ) ಇವೆ. ಆದರೆ ನಾನು ಈಗಲೂ ಬಳಸುವುದು ಪಿಯಾನೊ, ಸ್ಟ್ರಿಂಗ್ಸ್, ಒಂದು ಆರ್ಗನ್, ಅಷ್ಟೇ. ಟೋನ್ ಜಾಸ್ತಿ ಇದೆ ಅಂತ ಯಾವ ಕೀಬೋರ್ಡನ್ನೂ ತಗೋಬೇಡಿ.

ಟಚ್ ವಿಷಯಕ್ಕೆ ಬರೋಣ, ಇದರಲ್ಲಿ ಅದು ಇದೆ. ಇಂಥ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ, ಒತ್ತಿದಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಚೂರು ತಡವಾಗಿ, ಆ ನಡುವಿನ ಸಮಯ ನೋಡಿ ನೀವು ಎಷ್ಟು ವೇಗವಾಗಿ ಒತ್ತಿದಿರಿ ಅಂತ ಅದು ಲೆಕ್ಕ ಹಾಕಿ ಸದ್ದು ಹೆಚ್ಚು ಕಡಿಮೆ ಮಾಡುತ್ತದೆ. ಇದರಿಂದ ಕಲಿಯುವವರಿಗೆ ಏನು ಲಾಭ? ಎಡಗೈಯಲ್ಲಿ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ ಹಿಡಿದು ಬಲಗೈಯಲ್ಲಿ ರಾಗ ನುಡಿಸಿ ನೋಡಿ. ಟಚ್ ಇಲ್ಲದಿದ್ದರೆ ಎಲ್ಲ ಸ್ವರವೂ ಒಂದೇ ಜೋರು, ಕಾರ್ಡ್ ಅಡಿಯಲ್ಲಿ ರಾಗ ಮುಳುಗಿಹೋಗುತ್ತದೆ. ಇದ್ದರೆ ಎಡಗೈ ಹಗುರ ಮಾಡಿ ರಾಗವನ್ನು ಮೇಲಕ್ಕೆ ತರಬಹುದು. ಇನ್ನೊಂದು, ಹೊಸಬರ ಉಂಗುರ ಬೆರಳಿಗೂ ಕಿರುಬೆರಳಿಗೂ ಬಲ ಸಾಲದು, ಐದು ಸ್ವರ ಸಾಲಾಗಿ ನುಡಿಸಿದರೆ ಕೊನೆಯ ಎರಡು ತೆಳ್ಳಗೆ ಬರುತ್ತವೆ. ಅದು ಕಿವಿಗೆ ಬಿದ್ದರೆ ತಾನೇ ತಿದ್ದಿಕೊಳ್ಳುವುದು, ಅಲ್ವಾ?

ಸಸ್ಟೇನ್ ಪೆಡಲ್ (ಕಾಲಲ್ಲಿ ಒತ್ತಿ ಹಿಡಿದರೆ ಸ್ವರ ಎಳೆಯುವಂತೆ ಮಾಡುವುದು) ಬೇರೆ ತಗೋಬೇಕು, ಜ್ಯಾಕ್ ಇದೆ. ಒಂದು ಮಾತು: ಕೆಲವು ಕೀಬೋರ್ಡ್‌ಗಳಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಆನ್ ಮಾಡಿದರೆ ಅದು ಉಲ್ಟಾ ಕೆಲಸ ಮಾಡುತ್ತದೆ, ಒತ್ತಿದರೆ ಸದ್ದು ನಿಲ್ಲುತ್ತದೆ, ಬಿಟ್ಟರೆ ಎಳೆಯುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ, ಆಫ್ ಮಾಡಿ ಕಾಲು ತೆಗೆದು ಮತ್ತೆ ಆನ್ ಮಾಡಿ. ಪಾಲಿಫೊನಿ 48, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಮಿತಿ. ಪೆಡಲ್ ಒತ್ತಿ ಹಿಡಿದು ರಿದಮ್ ಕೂಡ ಓಡಿಸಿದರೆ ಹಳೆಯ ಸ್ವರಗಳು ಸದ್ದಿಲ್ಲದೆ ಕಳಚಿಕೊಳ್ಳಬಹುದು. ಆದರೆ ಶುರುವಿನ ಪಾಠಗಳಿಗೆ 48 ಧಾರಾಳ.

ಟ್ರಾನ್ಸ್‌ಪೋಸ್ (ಎಲ್ಲ ಕೀಗಳ ಶ್ರುತಿಯನ್ನು ಒಟ್ಟಿಗೆ ಏರಿಸುವುದು, ಇಳಿಸುವುದು) ಇದೆ, ಹಾಡುವವರ ಶ್ರುತಿಗೆ ತಕ್ಷಣ ಹೊಂದಿಸಬಹುದು, ನನಗೆ ತುಂಬಾ ಉಪಯೋಗಕ್ಕೆ ಬಂತು. ಆದರೆ ಅಭ್ಯಾಸಕ್ಕೆ ಅದನ್ನು ಮುಟ್ಟಬೇಡಿ, ಬೇರೆ ಬೇರೆ ಸ್ಕೇಲ್‌ನಲ್ಲಿ ಬೆರಳು ಕೂರುವುದು ನಿಂತೇ ಹೋಗುತ್ತದೆ. ಹೆಡ್‌ಫೋನ್ ಹಾಕಿದರೆ ಮನೆಯವರ ನಿದ್ದೆ ಕೆಡದೆ ರಾತ್ರಿಯೂ ನುಡಿಸಬಹುದು. ಕರೆಂಟ್ ಇಲ್ಲದ ಕಡೆ ಆರು ಪೆನ್ಸಿಲ್ ಸೆಲ್ ಸಾಕು.

ಕೊರತೆ ಅಂದರೆ ಕೀಗಳು ಹಗುರ, ಪಿಯಾನೊ ಕೀಯ ತೂಕ ಇಲ್ಲ. ನಿಮ್ಮ ಗುರಿ ಪಿಯಾನೊ ಪರೀಕ್ಷೆಗಳೇ ಆಗಿದ್ದರೆ ಇದನ್ನು ತಗೋಬೇಡಿ, 88 ವೇಟೆಡ್ ಕೀ ಇರುವ ಡಿಜಿಟಲ್ ಪಿಯಾನೊಗೇ ಹೋಗಿ. ಹಾಡು, ಕಾರ್ಡ್, ಜೊತೆಗೆ ನುಡಿಸುವುದು ಬೇಕು ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಸ್ಟ್ಯಾಂಡನ್ನೂ ಜೊತೆಗೇ ತಗೊಳ್ಳಿ, ಮೊಣಕೈ ಕೀಗಳ ಮಟ್ಟಕ್ಕೆ ಬರುವಷ್ಟು ಎತ್ತರ ಇಡಿ.